ಹಳ್ಳಿ ರಸ್ತೆಗೆ ಸೈಕಲ್ ತಿರುಗಿಸುವ ಮುನ್ನ: ನಾಲೆಯ ಜಾಡು ಹಿಡಿಯಿರಿ

ಪ್ರಶ್ನೆ: ನನಗೆ 52 ವರ್ಷ. ಮೈಸೂರಿನಲ್ಲಿದ್ದೇನೆ. ಹೋದ ವರ್ಷ ಒಂದು ರೋಡ್ ಬೈಕ್ ಕೊಂಡೆ. ಟೈರು 25 ಎಂಎಂ. ರಿಂಗ್ ರೋಡಿನಲ್ಲಿ ನಾಲ್ಕು ತಿಂಗಳು ಓಡಿಸಿದೆ. ಲಾರಿಗಳು ಪಕ್ಕದಲ್ಲೇ ಹಾದುಹೋಗುವಾಗ ಎದೆ ಝಲ್ಲೆನ್ನುತ್ತಿತ್ತು. ಈಗ ಸೈಕಲ್ ಮೂಲೆ ಸೇರಿದೆ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಹಳ್ಳಿ ರಸ್ತೆಗಳು ನೆಮ್ಮದಿಯಾಗಿವೆ ಅಂತ ಸ್ನೇಹಿತರು ಹೇಳುತ್ತಾರೆ. ಆದರೆ ಈ ತೆಳು ಟೈರು ಅಲ್ಲಿ ನಡೆಯುತ್ತದಾ? ಇದನ್ನು ಮಾರಿ ದಪ್ಪ ಟೈರಿನ ಎಂಟಿಬಿ (ಮೌಂಟನ್ ಬೈಕ್) ತಗೊಳ್ಳಲಾ? ಅರ್ಧ ಗಂಟೆ ಓಡಿಸಿದರೆ ಅಂಗೈ ಜೋಮು ಹಿಡಿಯುತ್ತದೆ. ನಾಯಿಗಳ ಭಯವೂ ಇದೆ. ನಮ್ಮ ಮನೆಯವರೂ ಬರುತ್ತೇನೆ ಅನ್ನುತ್ತಾರೆ. ಅವರ ಹತ್ತಿರ ಸಾದಾ ಗೇರ್ ಸೈಕಲ್ ಇದೆ. ಎಲ್ಲಿ, ಯಾವಾಗ, ಹೇಗೆ ಶುರು ಮಾಡಬೇಕು?

ಉತ್ತರ:

ಸೈಕಲ್ ಮಾರಬೇಡಿ. ಟೈರು ಮಾತ್ರ ಬದಲಾಯಿಸಿ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಎಲ್ಲಿ ಓಡಿಸಬೇಕು ಅನ್ನುವುದನ್ನು ಹೇಳುತ್ತೇನೆ. ಜಾಗ ಸರಿಯಾದರೆ ನಿಮ್ಮ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಮೈಸೂರಿನ ಸುತ್ತ ಹದಿನೆಂಟು ವರ್ಷದಿಂದ ಸೈಕಲ್ ತುಳಿಯುತ್ತಿದ್ದೇನೆ. ಹೊಸಬರು ಯಾರೇ ಕೇಳಿದರೂ ನಾನು ಹೇಳುವುದು ಒಂದೇ ಮಾತು: ನೀರು ಎಲ್ಲಿ ಹರಿಯುತ್ತದೋ ಆ ದಾರಿ ಹಿಡಿಯಿರಿ. ನದಿಯಲ್ಲ, ನಾಲೆ. ನದಿ ತನಗೆ ಬೇಕಾದಲ್ಲಿ ಧುಮುಕುತ್ತದೆ. ನಾಲೆ ಹಾಗೆ ಮಾಡುವಂತಿಲ್ಲ. ಕಟ್ಟೆಯ ನೀರು ದೂರದ ಗದ್ದೆಯವರೆಗೂ ತಾನಾಗಿಯೇ ಹರಿದು ಹೋಗಬೇಕು. ಬೇಗ ಕೆಳಗಿಳಿದುಬಿಟ್ಟರೆ ಮೇಲಿನ ಗದ್ದೆಗೆ ನೀರು ಹತ್ತುವುದಿಲ್ಲ. ಅದಕ್ಕೇ ನಾಲೆ ಕಟ್ಟಿದವರು ಗುಡ್ಡವನ್ನು ಬಳಸಿ, ದಿಣ್ಣೆಯ ಸೊಂಟ ಹಿಡಿದು, ಒಂದೇ ಮಟ್ಟದಲ್ಲಿ ಸುತ್ತಿಸುತ್ತಾ ಕರೆದೊಯ್ದಿದ್ದಾರೆ. ಒಂದು ಕಿಲೋಮೀಟರಿಗೆ ನಾಲೆ ಇಳಿಯುವುದು ಬೆರಳಲ್ಲಿ ಎಣಿಸುವಷ್ಟು ಅಡಿ ಮಾತ್ರ. ಅದರ ಪಕ್ಕದ ರಸ್ತೆಯೂ ಅಷ್ಟೇ ಸಮ. ನಿಮ್ಮ ಮೊಣಕಾಲಿಗೆ ಇದಕ್ಕಿಂತ ಒಳ್ಳೆಯ ರಸ್ತೆ ಯಾವ ಊರಲ್ಲೂ ಸಿಗಲಿಕ್ಕಿಲ್ಲ.

ನಮ್ಮ ಕಡೆ ಇಂಥ ನಾಲೆಗಳಿಗೆ ಬರವಿಲ್ಲ. ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್‌ನ ಕೆಲಸ 1911ರಲ್ಲಿ ಶುರುವಾಗಿ 1932ರಲ್ಲಿ ಮುಗಿಯಿತು. ಅದರ ಎಡದಂಡೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಗೆ ಹೋಗುತ್ತದೆ. ಮೊದಲು ಇದಕ್ಕೆ ಆಗಿನ ವೈಸ್‌ರಾಯ್ ಹೆಸರಿನಲ್ಲಿ ಇರ್ವಿನ್ ನಾಲೆ ಅನ್ನುತ್ತಿದ್ದರು. ಈಗ ಊರ ಜನಕ್ಕೆಲ್ಲ ಅದು ವಿ.ಸಿ. ನಾಲೆ. ಹುಲಿಕೆರೆ ಹತ್ತಿರ ದಿಣ್ಣೆ ಅಡ್ಡ ಬಂದಾಗ ಬಳಸಿ ಹೋಗಲಾಗದೆ ಸುರಂಗವನ್ನೇ ಕೊರೆದಿದ್ದಾರೆ. ಕಟ್ಟೆ ಕಟ್ಟುವುದಕ್ಕೂ ಇನ್ನೂರು ಇನ್ನೂರೈವತ್ತು ವರ್ಷ ಮುಂಚಿನ ನಾಲೆಗಳೂ ಇಲ್ಲಿವೆ. ಶ್ರೀರಂಗಪಟ್ಟಣದ ಬಂಗಾರದೊಡ್ಡಿ ನಾಲೆ ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದ್ದು. ಸಿ.ಡಿ.ಎಸ್. ನಾಲೆ ಎಂದು ಎಲ್ಲರೂ ಕರೆಯುವುದು ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ. ಇವೆಲ್ಲ ಇವತ್ತಿಗೂ ನೀರು ಕೊಡುತ್ತಿವೆ. ಈ ನಾಲೆಗಳ ಏರಿಯ ಮೇಲೋ ಪಕ್ಕದಲ್ಲೋ ಒಂದು ಸಣ್ಣ ರಸ್ತೆ ಇದ್ದೇ ಇರುತ್ತದೆ. ನೀರು ಬಿಡುವವರು ಓಡಾಡಲಿಕ್ಕೆ ಮಾಡಿಕೊಂಡ ದಾರಿ ಅದು. ಎಷ್ಟೋ ಕಡೆ ಡಾಂಬರು ಬಿದ್ದಿದೆ. ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವವರು ಬಿಟ್ಟರೆ ಬೇರೆ ಯಾರಿಗೂ ಅಲ್ಲಿ ಕೆಲಸವಿಲ್ಲ. ಹಾಗಾಗಿ ಲಾರಿ ಬರುವುದು ಅಪರೂಪ.

ಮೊಬೈಲಿನಲ್ಲಿ ಮ್ಯಾಪ್ ತೆಗೆದು ಆಕಾಶದಿಂದ ಕಾಣುವ ಚಿತ್ರಕ್ಕೆ ಬದಲಾಯಿಸಿ. ಹಸಿರಿನ ನಡುವೆ ಹಾವಿನ ಹಾಗೆ ಸುತ್ತುವ ಗೆರೆ ನಾಲೆ. ಅದಕ್ಕೆ ಅಂಟಿಕೊಂಡಂತೆ ಬೂದು ಬಣ್ಣದ ಗೆರೆ ಕಂಡರೆ ಡಾಂಬರು, ಕೆಂಪಗೆ ಕಂಡರೆ ಮಣ್ಣು. ಬೂದು ಗೆರೆಯನ್ನೇ ಹಿಡಿಯಿರಿ. ಮ್ಯಾಪ್ ತಾನಾಗಿ ತೋರಿಸುವ ಹತ್ತಿರದ ದಾರಿಯನ್ನು ಮಾತ್ರ ನಂಬಬೇಡಿ. ಎರಡು ಕಿಲೋಮೀಟರ್ ಉಳಿಸುತ್ತೇನೆಂದು ಅದು ನಿಮ್ಮನ್ನು ಗದ್ದೆ ಬದುವಿಗೆ ಕರೆದೊಯ್ದು ನಿಲ್ಲಿಸುತ್ತದೆ. ಅದಕ್ಕಿಂತ ಡೇರಿ ಮುಂದೆ ನಿಂತವರನ್ನು ಕೇಳಿ. "ಕಾರು ಹೋಗುತ್ತಾ?" ಎಂದು ಕೇಳಬೇಕು. "ರಸ್ತೆ ಚೆನ್ನಾಗಿದೆಯಾ?" ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ.

ಶುರುವಿಗೆ ಒಂದು ಸುತ್ತು ಹೇಳುತ್ತೇನೆ. ಮೈಸೂರಿನಿಂದ ಕೆಆರ್‌ಎಸ್ ರಸ್ತೆಯಲ್ಲಿ ಬೆಳಗೊಳ. ಅಲ್ಲಿಂದ ಬಲಕ್ಕೆ ತಿರುಗಿ ಪಾಲಹಳ್ಳಿ, ರಂಗನತಿಟ್ಟಿನ ಪಕ್ಕದಿಂದ ಶ್ರೀರಂಗಪಟ್ಟಣ, ಮತ್ತೆ ಮೈಸೂರು. ನಲವತ್ತು ಕಿಲೋಮೀಟರ್ ಆಚೀಚೆ ಆಗುತ್ತದೆ. ಬೆಳಗೊಳದಿಂದ ಶ್ರೀರಂಗಪಟ್ಟಣದವರೆಗಿನ ಭಾಗವೇ ಇದರ ಜೀವ. ಒಂದು ಕಡೆ ಗದ್ದೆ, ಇನ್ನೊಂದು ಕಡೆ ಕಬ್ಬು, ನಡುವೆ ತೆಂಗು. ರಂಗನತಿಟ್ಟು 1940ರಿಂದ ಪಕ್ಷಿಧಾಮ. ವರ್ಷದ ಮೊದಲ ತಿಂಗಳುಗಳಲ್ಲಿ ಹಕ್ಕಿಗಳು ಗೂಡು ಕಟ್ಟುವ ಕಾಲ. ಆಗ ಬೆಳಗ್ಗೆ ಹೋದರೆ ಕೊಕ್ಕಿನಲ್ಲಿ ಕಡ್ಡಿ ಹಿಡಿದ ಕೊಕ್ಕರೆಗಳು ನಿಮ್ಮ ತಲೆಯ ಮೇಲೇ ಹಾರಿ ಹೋಗುತ್ತವೆ. ಟಿಕೆಟ್ ತೆಗೆಯುವುದೇನೂ ಬೇಡ, ರಸ್ತೆಯಲ್ಲೇ ನಿಂತು ನೋಡಬಹುದು. ನಾನು ಪ್ರತಿ ವರ್ಷ ಹೋಗುತ್ತೇನೆ, ಸಾಕು ಅನ್ನಿಸಿದ್ದಿಲ್ಲ.

ಇದು ಪಳಗಿದ ಮೇಲೆ ಶ್ರೀರಂಗಪಟ್ಟಣದಿಂದ ಮಹದೇವಪುರ, ಅರಕೆರೆಯ ಮೇಲೆ ಬನ್ನೂರಿಗೆ ಹೋಗುವ ರಸ್ತೆ ನೋಡಿ. ಕಾವೇರಿ ಹತ್ತಿರದಲ್ಲೇ ಇರುತ್ತದೆ. ಬನ್ನೂರಿನಿಂದ ಇನ್ನೊಂದಿಷ್ಟು ಮುಂದೆ ಹೋದರೆ ಸೋಮನಾಥಪುರದ ಹೊಯ್ಸಳರ ಗುಡಿ. ಪಾಂಡವಪುರದ ಕಡೆ ಹೋದರೆ ಕುಂತಿಬೆಟ್ಟ ನೋಡಿಕೊಂಡು ಕೆರೆ ತೊಣ್ಣೂರಿನವರೆಗೆ ಹೋಗಿ. ಕೆರೆಯ ನೀರು ಕನ್ನಡಿಯ ಹಾಗಿರುತ್ತದೆ. ಮೇಲುಕೋಟೆ ಮಾತ್ರ ಈಗಲೇ ಬೇಡ. ಅದು ಬೆಟ್ಟ. ಈ ವರ್ಷ ಸಮದ ರಸ್ತೆಯಲ್ಲಿ ಕಾಲು ಗಟ್ಟಿ ಮಾಡಿಕೊಳ್ಳಿ.

ಈಗ ಒಂದು ಮುಖ್ಯ ವಿಷಯ. ಹೊಸಬರಿಗೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಮೈಸೂರು ಎತ್ತರದಲ್ಲಿದೆ, ಶ್ರೀರಂಗಪಟ್ಟಣ ತಗ್ಗಿನಲ್ಲಿದೆ. ಎರಡಕ್ಕೂ ಸುಮಾರು 80 ಮೀಟರ್ ವ್ಯತ್ಯಾಸ. ಹದಿನೈದು ಕಿಲೋಮೀಟರಿನಲ್ಲಿ ಹರಡಿಕೊಂಡಿರುವುದರಿಂದ ಕಣ್ಣಿಗೆ ಏರು ಅನ್ನಿಸುವುದೇ ಇಲ್ಲ. ಆದರೆ ಕಾಲಿಗೆ ಗೊತ್ತಾಗುತ್ತದೆ. ಹೋಗುವಾಗ ಸಲೀಸಾಗಿ ಜಾರಿಕೊಂಡು ಹೋಗುತ್ತೀರಿ. "ಪರವಾಗಿಲ್ಲ, ನನಗೆ ಶಕ್ತಿ ಇದೆ" ಎಂದುಕೊಂಡು ಇನ್ನೊಂದು ಹತ್ತು ಕಿಲೋಮೀಟರ್ ಮುಂದೆ ಹೋಗುತ್ತೀರಿ. ವಾಪಸ್ ಬರುವಾಗ ಬಿಸಿಲು ಏರಿರುತ್ತದೆ, ರಸ್ತೆಯೂ ಏರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಇದರ ಜೊತೆಗೆ ಗಾಳಿಯೂ ಸೇರುತ್ತದೆ. ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತದೆ. ಮಂಡ್ಯದ ದಿಕ್ಕಿಗೆ ಹೋಗುವಾಗ ಅದು ಬೆನ್ನು ತಳ್ಳುತ್ತದೆ, ಮೈಸೂರಿಗೆ ಬರುವಾಗ ಎದೆಗೆ ಒದೆಯುತ್ತದೆ. ಎಷ್ಟೋ ಜನ ಒಂದೇ ಸಲ ಹೋಗಿ, ಸುಸ್ತಾಗಿ, ಸೈಕಲ್ ತಮಗಲ್ಲ ಎಂದು ಬಿಟ್ಟಿದ್ದನ್ನು ಕಂಡಿದ್ದೇನೆ. ಅವರ ಕಾಲಿನಲ್ಲಿ ಏನೂ ಕೊರತೆ ಇರಲಿಲ್ಲ. ಲೆಕ್ಕ ಹಾಕಿಕೊಂಡಿರಲಿಲ್ಲ ಅಷ್ಟೇ.

ಹಾಗಾಗಿ ಮಳೆಗಾಲದಲ್ಲಿ ಮೊದಲು ಗಾಳಿಗೆ ಎದುರಾಗಿ, ಅಂದರೆ ಪಡುವಣಕ್ಕೆ ಹೋಗಿ. ಬರುವಾಗ ಗಾಳಿ ಮನೆಗೆ ತಳ್ಳುತ್ತದೆ. ಮಂಡ್ಯದ ಕಡೆಗೇ ಹೋಗುವುದಾದರೆ ನಿಮ್ಮ ಶಕ್ತಿಯಲ್ಲಿ ಮೂರರಲ್ಲಿ ಒಂದು ಪಾಲು ಖರ್ಚಾಗುತ್ತಿದ್ದ ಹಾಗೆ ತಿರುಗಿ. ಮೊದಲ ತಿಂಗಳು ಇನ್ನೂ ಸುಲಭದ ದಾರಿ ಇದೆ. ಎರಡು ಸೈಕಲ್ಲನ್ನೂ ಕಾರಿಗೆ ಕಟ್ಟಿಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿ. ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಸುತ್ತಿ ಕಾರಿನ ಹತ್ತಿರವೇ ಬಂದು ಮುಗಿಸಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಊರೊಳಗಿನ ಟ್ರಾಫಿಕ್ಕೂ ತಪ್ಪುತ್ತದೆ.

ಹೆದ್ದಾರಿಯ ಬಗ್ಗೆ ಒಂದೇ ಮಾತು. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರು, ಸೈಕಲ್ಲು ಯಾವುದನ್ನೂ ಬಿಡುವುದಿಲ್ಲ. ಸರ್ವೀಸ್ ರಸ್ತೆ ಇದೆ. ಆದರೆ ಅಲ್ಲಿ ಎದುರು ದಿಕ್ಕಿನಿಂದ ಬರುವವರು ಜಾಸ್ತಿ. ಅದನ್ನು ಊರಿಗೆ ಹೋಗುವ ದಾರಿ ಎಂದು ಬಳಸಬೇಡಿ, ದಾಟುವುದಕ್ಕೆ ಮಾತ್ರ ಬಳಸಿ. ಅಂಡರ್‌ಪಾಸ್‌ನಲ್ಲಿ ಆ ಕಡೆಗೆ ಹೋಗಿ ತಕ್ಷಣ ಹಳ್ಳಿ ರಸ್ತೆ ಸೇರಿಬಿಡಿ.

ಇನ್ನು ಟೈರು. ನಿಮ್ಮ ಅಂಗೈ ಜೋಮಿಗೂ ಇದಕ್ಕೂ ಸಂಬಂಧವಿದೆ. ನೀವು ಟೈರಿಗೆ ಎಷ್ಟು ಗಾಳಿ ಹೊಡೆಸುತ್ತೀರಿ ಎಂದು ಬರೆದಿಲ್ಲ. ಆದರೆ ನನ್ನ ಅಂದಾಜು 110 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರಬೇಕು. ಟೈರಿನ ಪಕ್ಕದಲ್ಲಿ ಬರೆದಿರುವುದು ಅದರ ಹತ್ತಿರದ ಅಂಕಿಯೇ. ಅದು ಅದಕ್ಕಿಂತ ಹೆಚ್ಚು ತುಂಬಬೇಡಿ ಅನ್ನುವ ಗಡಿ, ಅಷ್ಟೇ ತುಂಬಿ ಅನ್ನುವ ಸಲಹೆ ಅಲ್ಲ. ಕಲ್ಲಿನಷ್ಟು ಗಟ್ಟಿ ಟೈರು ನಯವಾದ ರಸ್ತೆಯಲ್ಲಿ ಜೋರಾಗಿ ಓಡುತ್ತದೆ. ಜಲ್ಲಿ ಎದ್ದ ಹಳ್ಳಿ ರಸ್ತೆಯಲ್ಲಿ ಪ್ರತಿ ಕಲ್ಲಿಗೂ ಮೇಲಕ್ಕೆ ಚಿಮ್ಮುತ್ತದೆ. ನಿಮ್ಮ ಕಾಲಿನ ಶಕ್ತಿ ಮುಂದೆ ಹೋಗುವುದರ ಬದಲು ಸೈಕಲ್ಲನ್ನು ಕುಣಿಸುವುದಕ್ಕೆ ಖರ್ಚಾಗುತ್ತದೆ. ಆ ಕುಣಿತವೆಲ್ಲ ಅಂಗೈಗೆ ಬಂದು ಸೇರುತ್ತದೆ.

700 x 28 ಅಳತೆಯ, ಅಂದರೆ 28 ಎಂಎಂ ಅಗಲದ ಟೈರು ಹಾಕಿಸಿ. ಮೊದಲು ಬ್ರೇಕಿನ ಕೆಳಗೆ, ಚೌಕಟ್ಟಿನ ಒಳಗೆ ಜಾಗ ಇದೆಯಾ ಎಂದು ಅಂಗಡಿಯವರ ಹತ್ತಿರ ನೋಡಿಸಿ. ಟೈರಿನ ಸುತ್ತ ನಾಲ್ಕು ಮಿಲಿಮೀಟರ್ ಆದರೂ ಖಾಲಿ ಇರಬೇಕು. ಇಲ್ಲದಿದ್ದರೆ ಕೆಸರು ಸಿಕ್ಕಿಕೊಳ್ಳುತ್ತದೆ. ಡಿಸ್ಕ್ ಬ್ರೇಕಿನ ಸೈಕಲ್ ಆಗಿದ್ದರೆ 32 ಕೂಡ ಹಿಡಿಯಬಹುದು. ಹಿಡಿದರೆ ಅದನ್ನೇ ಹಾಕಿ. ನೀವು ಎಪ್ಪತ್ತು ಎಪ್ಪತ್ತೈದು ಕಿಲೋ ಇದ್ದರೆ 28ರ ಟೈರಿಗೆ ಹಿಂದೆ 75, ಮುಂದೆ 70 ಪಿಎಸ್‌ಐ ಸಾಕು. 32ಕ್ಕೆ 60ರ ಒಳಗೆ. ಮೊದಲ ದಿನ ಟೈರು ಮೆತ್ತಗಾಯಿತು ಅನ್ನಿಸುತ್ತದೆ. ಒಂದು ವಾರ ತಾಳಿ. ನಾನು 23ರ ಟೈರಿನಲ್ಲಿ ಶುರು ಮಾಡಿದವನು. ಈಗ 32ಕ್ಕಿಂತ ಕಡಿಮೆಗೆ ಇಳಿಯುವುದಿಲ್ಲ. ಹಳ್ಳಿ ರಸ್ತೆಯಲ್ಲಿ ನನ್ನ ವೇಗ ಕಡಿಮೆ ಆಗಿಲ್ಲ, ಹೆಚ್ಚಾಗಿದೆ.

ಟೈರು ಬದಲಾಯಿಸಿದ ಮೇಲೂ ಜೋಮು ಹೋಗದಿದ್ದರೆ ಸೀಟು ನೋಡಿ. ಅದರ ಮೂತಿ ಕೆಳಗೆ ಬಾಗಿದ್ದರೆ ನೀವು ಮುಂದಕ್ಕೆ ಜಾರುತ್ತಾ ಇರುತ್ತೀರಿ, ಭಾರವೆಲ್ಲ ಕೈಗೆ ಬೀಳುತ್ತದೆ. ಸಮ ಮಾಡಿ. ಸೀಟಿನ ಎತ್ತರಕ್ಕೆ ಒಂದು ಹಳೇ ಅಳತೆ ಇದೆ: ಗೋಡೆ ಹಿಡಿದು ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲಿನ ಮೇಲಿಡಿ. ಪೆಡಲು ಪೂರ್ತಿ ಕೆಳಗಿದ್ದಾಗ ಕಾಲು ನೆಟ್ಟಗಾಗಬೇಕು. ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಾಗಿರುತ್ತದೆ, ಹಿಂಭಾಗ ನೋಯುತ್ತಿದ್ದರೆ ಎತ್ತರವಾಗಿರುತ್ತದೆ. ಮೊಣಕೈಯನ್ನು ಯಾವಾಗಲೂ ಸ್ವಲ್ಪ ಮಡಿಸಿರಿ. ಭಾರದ ಗೇರಿನಲ್ಲಿ ತಿಣುಕಬೇಡಿ. ಹಗುರ ಗೇರಿಗೆ ಹಾಕಿ ಕಾಲನ್ನು ನಿಮಿಷಕ್ಕೆ ಎಂಬತ್ತು ಸುತ್ತು ತಿರುಗಿಸುವುದನ್ನು ಅಭ್ಯಾಸ ಮಾಡಿಕೊಳ್ಳಿ. 52ರ ಮೊಣಕಾಲಿಗೆ ಅದೇ ಹಿತ.

ಪಂಚರ್ ಆಗುತ್ತದೆ. ಜಾಲಿ ಮುಳ್ಳು ಯಾವ ಟೈರನ್ನೂ ಬಿಡುವುದಿಲ್ಲ. ನಾಲೆ ಏರಿಯ ಜಾಲಿ ಗಿಡ ಕಡಿದ ವಾರ ಆ ರಸ್ತೆಗೇ ಹೋಗಬೇಡಿ. ಹಳ್ಳಿಯ ಪಂಚರ್ ಅಂಗಡಿಯವರು ತುಂಬಾ ಚೆನ್ನಾಗಿ ಪ್ಯಾಚ್ ಹಾಕುತ್ತಾರೆ. ಆದರೆ ನಿಮ್ಮ ಟ್ಯೂಬಿನ ಮೂತಿ ಸಣ್ಣದು, ಅವರ ಪಂಪಿಗೆ ಕೂರುವುದಿಲ್ಲ. ಇದಕ್ಕೆ ಹಿತ್ತಾಳೆಯ ಒಂದು ಪುಟ್ಟ ಅಡಾಪ್ಟರ್ ಬರುತ್ತದೆ. ಬೆರಳ ತುದಿಯಷ್ಟಿರುತ್ತದೆ. ಅದನ್ನು ವಾಲ್ವಿಗೇ ತಿರುಗಿಸಿ ಇಟ್ಟುಬಿಡಿ. ನಿಮ್ಮ ಅಳತೆಯ ಟ್ಯೂಬು ಹಳ್ಳಿಯಲ್ಲಿ ಸಿಗುವುದಿಲ್ಲ, ಹಾಗಾಗಿ ಎರಡು ಟ್ಯೂಬು, ಟೈರ್ ಬಿಚ್ಚುವ ಪಟ್ಟಿ, ಸಣ್ಣ ಪಂಪು ಜೊತೆಯಲ್ಲಿರಲಿ. ಮನೆಯಲ್ಲಿ ಎರಡು ಸಲ ಬಿಚ್ಚಿ ಹಾಕಿ ಕಲಿತುಕೊಳ್ಳಿ. ನಿಮ್ಮ ಮನೆಯವರೂ ಕಲಿಯಲಿ.

ಇಷ್ಟು ಸೈಕಲ್ಲಿನ ವಿಷಯ. ಆದರೆ ಹಳ್ಳಿ ರಸ್ತೆಯಲ್ಲಿ ನಿಜವಾಗಿ ಕಲಿಯಬೇಕಾದ್ದು ಬೇರೆ. ನಾವು ಪೇಟೆಯಿಂದ ಹೋಗುವವರು ಅದನ್ನು ಖಾಲಿ ರಸ್ತೆ ಅಂದುಕೊಳ್ಳುತ್ತೇವೆ. ಅದು ಖಾಲಿ ಇಲ್ಲ. ಅಲ್ಲಿನವರಿಗೆ ಅದು ಅಂಗಳ, ಅದೇ ಕಣ, ಅದೇ ದನ ಕಟ್ಟುವ ಜಾಗ. ಬೆಳಗ್ಗೆ ಆರರಿಂದ ಏಳೂವರೆಯವರೆಗೆ ಡೇರಿಗೆ ಹಾಲು ಹಾಕುವ ಹೊತ್ತು. ಕ್ಯಾನು ಹಿಡಿದವರು, ಟಿವಿಎಸ್ ಗಾಡಿಯವರು, ಚೊಂಬು ಹಿಡಿದ ಮಕ್ಕಳು ಎಲ್ಲರೂ ರಸ್ತೆಯಲ್ಲೇ ಇರುತ್ತಾರೆ. ಎಂಟೂವರೆಯಿಂದ ಶಾಲೆ ಮಕ್ಕಳು. ಸಂಜೆ ದನ, ಕುರಿ ವಾಪಸ್ ಬರುವ ಹೊತ್ತು. ಊರು ಬಂದ ತಕ್ಷಣ ವೇಗ ಇಳಿಸಿ. ಬೆಲ್ ಇಲ್ಲದಿದ್ದರೆ ಇವತ್ತೇ ಹಾಕಿಸಿ. ರೋಡ್ ಬೈಕಿಗೆ ಬೆಲ್ ಚೆಂದ ಕಾಣುವುದಿಲ್ಲ ಅನ್ನುವವರ ಮಾತು ಕೇಳಬೇಡಿ. ವಯಸ್ಸಾದವರ ಹಿಂದಿನಿಂದ ಸದ್ದಿಲ್ಲದೆ ಬಂದು ಪಕ್ಕದಲ್ಲಿ ಹಾದುಹೋದರೆ ಅವರು ಬೆಚ್ಚಿ ಬೀಳುತ್ತಾರೆ. ದೂರದಿಂದಲೇ ಒಂದು ಸಲ ಟ್ರಿಣ್ ಅನ್ನಿಸಿ, ನಿಧಾನ ಮಾಡಿ, "ಜಾಗ ಬಿಡಿ ಅಜ್ಜಿ" ಎಂದರೆ ಸಾಕು.

ಡಿಸೆಂಬರಿನಿಂದ ಫೆಬ್ರವರಿವರೆಗೆ ಒಕ್ಕಣೆಯ ಕಾಲ. ರಾಗಿ, ಹುರುಳಿ ಎಲ್ಲ ರಸ್ತೆಗೆ ಬರುತ್ತದೆ. ಹೋಗಿ ಬರುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಬೇರೆಯಾಗಲಿ ಎಂದು ಹರಡುತ್ತಾರೆ. ರಸ್ತೆಯಲ್ಲಿ ಹೀಗೆ ಹರಡಬಾರದು ಎಂದು ಅಧಿಕಾರಿಗಳು ಹೇಳುತ್ತಲೇ ಇರುತ್ತಾರೆ. ಕಣ ಮಾಡುವ ಜಾಗವೂ ಇಲ್ಲ, ಮಾಡಲಿಕ್ಕೆ ಆಳೂ ಸಿಗುವುದಿಲ್ಲ ಅನ್ನುವ ರೈತರ ಕಷ್ಟವೂ ನಿಜ. ನಿಮಗೆ ಬೇಕಾದ್ದು ಇಷ್ಟೇ: ಅದರ ಮೇಲೆ ಸೈಕಲ್ ಓಡಿಸಬೇಡಿ. ರಾಗಿ ಹುಲ್ಲು ಜಾರುತ್ತದೆ. ಹುರುಳಿ ಬಳ್ಳಿ ಅದಕ್ಕಿಂತ ಅಪಾಯ. ಒಂದು ಜನವರಿಯಲ್ಲಿ ಪಾಂಡವಪುರದ ಆಚೆ ನಾನು ಇಳಿಯದೆ ಹೋದೆ. ಹತ್ತು ಮಾರು ಹೋಗುವಷ್ಟರಲ್ಲಿ ಬಳ್ಳಿ ಚೈನಿಗೆ ಸುತ್ತಿಕೊಂಡು ಹಿಂದಿನ ಗೇರ್ ಬದಲಿಸುವ ಭಾಗವನ್ನೇ ಎಳೆದು ಚಕ್ರದ ಕಡ್ಡಿಗೆ ಸಿಕ್ಕಿಸಿತು. ಅದನ್ನು ಹಿಡಿದಿಡುವ ಕೊಂಡಿ ಬಾಗಿಹೋಯಿತು. ಒಕ್ಕಣೆ ಮಾಡುತ್ತಿದ್ದ ಅಜ್ಜಿಯೊಬ್ಬರು ಕುಡುಗೋಲು ತಂದು ಬಳ್ಳಿಯನ್ನು ಒಂದೊಂದೇ ಎಳೆ ಕುಯ್ದು ಬಿಡಿಸಿಕೊಟ್ಟರು. ಅರ್ಧ ಗಂಟೆ ಕೂತಿದ್ದರು. "ಇಳ್ದು ತಳ್ಕೊಂಡ್ ಓಗ್ಬಾರ್ದಾ ಮಗ" ಅಂದರು. ಅವತ್ತಿನಿಂದ ಇಳಿದು ತಳ್ಳಿಕೊಂಡೇ ಹೋಗುತ್ತೇನೆ. ಸಾಧ್ಯವಾದರೆ ಸೈಕಲ್ಲನ್ನು ಎತ್ತಿಕೊಂಡೇ ದಾಟಿ, ಅವರ ಕಾಳೂ ಹಾಳಾಗುವುದಿಲ್ಲ.

ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರುಗಳ ಹತ್ತಿರ ತಾಳ್ಮೆ ಬೇಕು. ಒಂದರ ಹಿಂದೆ ಎರಡು ಟ್ರೈಲರ್ ಇರುತ್ತದೆ, ಹೇರು ಎರಡೂ ಕಡೆ ಚಾಚಿಕೊಂಡಿರುತ್ತದೆ. ಡ್ರೈವರಿಗೆ ಹಿಂದೆ ಏನಿದೆ ಎಂದು ಕಾಣುವುದೇ ಇಲ್ಲ, ಹಾಡಿನ ಸದ್ದಿನಲ್ಲಿ ನಿಮ್ಮ ಬೆಲ್ಲೂ ಕೇಳುವುದಿಲ್ಲ. ಎಡಗಡೆಯಿಂದ ನುಗ್ಗುವುದು ಖಂಡಿತ ಬೇಡ. ನಿಂತು ಎರಡು ನಿಮಿಷ ನೀರು ಕುಡಿಯಿರಿ, ಅದು ಮುಂದೆ ಹೋಗಲಿ. ರಸ್ತೆಗೆ ಬಿದ್ದ ಕಬ್ಬಿನ ತುಂಡು ಚಕ್ರದಡಿ ಉರುಳೆಯ ಹಾಗೆ ಉರುಳುತ್ತದೆ. ತಿರುವಿನಲ್ಲಿ ಅದನ್ನು ನೋಡಿಕೊಂಡು ಹೋಗಿ. ಆಲೆಮನೆಯ ಹೊಗೆ ಕಂಡರೆ ನಿಲ್ಲಿಸಿ, ಕೇಳಿದರೆ ಬಿಸಿ ಬೆಲ್ಲ ಕೊಡುತ್ತಾರೆ. ಮೂವತ್ತು ಕಿಲೋಮೀಟರ್ ತುಳಿದ ಮೈಗೆ ಅದಕ್ಕಿಂತ ಒಳ್ಳೆಯ ತಿಂಡಿ ನಾನು ಕಂಡಿಲ್ಲ. ದುಡ್ಡು ಬೇಡ ಅನ್ನುತ್ತಾರೆ. ಒಂದು ಅಚ್ಚು ಕೊಂಡುಕೊಂಡು ಬನ್ನಿ.

ಹಂಪ್ಸ್ ಬಗ್ಗೆ ಎಚ್ಚರ. ಶಾಲೆಯ ಮುಂದೆ, ಬಸ್ ಸ್ಟ್ಯಾಂಡಿನ ಮುಂದೆ ಊರವರೇ ಹಾಕಿದ ಹಂಪ್ಸ್ ಇರುತ್ತದೆ. ಬಿಳಿ ಬಣ್ಣ ಇರುವುದಿಲ್ಲ. ಮರದ ನೆರಳಿನಲ್ಲಿ ಕಾಣುವುದೇ ಇಲ್ಲ. ರಸ್ತೆಯ ತೀರಾ ಅಂಚಿನಲ್ಲೂ ಹೋಗಬೇಡಿ. ಡಾಂಬರಿಗೂ ಮಣ್ಣಿಗೂ ನಡುವೆ ಅರ್ಧ ಅಡಿ ಇಳಿತ ಇರುತ್ತದೆ. ಅಂಚಿನಿಂದ ಒಂದು ಮೀಟರ್ ಒಳಗೇ ಇರಿ. ಹಿಂದಿನಿಂದ ಬಸ್ಸು ಬಂದರೆ ನಿಧಾನ ಮಾಡಿ ಜಾಗ ಬಿಡಿ.

ನಾಲೆಯ ಬಗ್ಗೆ ಇಷ್ಟು ಹೊಗಳಿದ ಮೇಲೆ ಅದರ ಅಪಾಯವನ್ನೂ ಹೇಳಲೇಬೇಕು. ತುಂಬಾ ಕಡೆ ತಡೆಗೋಡೆ ಇಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ ಮೂವತ್ತು ಜನ ತೀರಿಕೊಂಡರು. ಅವರಲ್ಲಿ ಶಾಲೆ ಮಕ್ಕಳೂ ಇದ್ದರು. ಆ ದಾರಿಯಲ್ಲಿ ಹೋಗುವಾಗೆಲ್ಲ ನನಗೆ ಅದು ನೆನಪಾಗುತ್ತದೆ. ಏರಿ ರಸ್ತೆಯಲ್ಲಿ ಇಬ್ಬರೂ ಪಕ್ಕಪಕ್ಕ ಹೋಗಬೇಡಿ, ಒಬ್ಬರ ಹಿಂದೆ ಒಬ್ಬರು ಹೋಗಿ, ನೀರಿನಿಂದ ದೂರದ ಬದಿಯಲ್ಲಿ. ಎದುರಿಗೆ ಗಾಡಿ ಬಂದರೆ ಇಳಿದು ನಿಲ್ಲಿ. ಕತ್ತಲಲ್ಲಿ, ಜೋರು ಮಳೆಯಲ್ಲಿ ಹೋಗಲೇಬೇಡಿ. ಮುಖ ತೊಳೆಯಲಿಕ್ಕೆ, ಬಾಟಲಿಗೆ ನೀರು ತುಂಬಲಿಕ್ಕೆ ಎಂದು ನಾಲೆಗೆ ಇಳಿಯಬೇಡಿ. ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತ ಇರುತ್ತದೆ. ಸಿಮೆಂಟಿನ ಇಳಿಜಾರಿನಲ್ಲಿ ಪಾಚಿ ಕಟ್ಟಿರುತ್ತದೆ. ಜಾರಿದರೆ ಹಿಡಿದುಕೊಳ್ಳಲಿಕ್ಕೆ ಏನೂ ಸಿಗುವುದಿಲ್ಲ, ಈಜು ಬರುವವರಿಗೂ ಮೇಲೆ ಹತ್ತುವುದು ಕಷ್ಟ. ಇದನ್ನು ಮಾತ್ರ ದಯವಿಟ್ಟು ಮರೆಯಬೇಡಿ.

ಯಾವ ತಿಂಗಳು ಒಳ್ಳೆಯದು ಎಂದರೆ ನನ್ನ ಮಟ್ಟಿಗೆ ಸೆಪ್ಟೆಂಬರಿನಿಂದ ನವೆಂಬರ್. ನಾಲೆಯಲ್ಲಿ ನೀರಿರುತ್ತದೆ, ನಾಟಿ ಮುಗಿದು ಗದ್ದೆ ಹಸಿರಾಗಿರುತ್ತದೆ, ಗಾಳಿಯೂ ತಗ್ಗಿರುತ್ತದೆ. ಮಧ್ಯಾಹ್ನದ ಮೇಲೆ ಮಳೆ ಬರಬಹುದು, ಬೆಳಗ್ಗೆಯೇ ಮುಗಿಸಿ. ಡಿಸೆಂಬರ್, ಜನವರಿಯಲ್ಲಿ ಗದ್ದೆಯ ಮೇಲೆ ಮಂಜು ಕೂತಿರುತ್ತದೆ. ನೋಡಲಿಕ್ಕೆ ತುಂಬಾ ಚೆಂದ, ಆದರೆ ನೀವು ಯಾರಿಗೂ ಕಾಣುವುದಿಲ್ಲ. ಆಗ ಬೆಳಗಾಗುವುದೂ ತಡ, ಆರೂ ಮುಕ್ಕಾಲರ ಹೊತ್ತಿಗೆ ಸೂರ್ಯ ಬರುತ್ತಾನೆ. ಮಂಜು ಎದ್ದ ಮೇಲೇ ಹೊರಡಿ. ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಹಗಲಲ್ಲೂ ಉರಿಯುತ್ತಿರಲಿ. ಹೆಲ್ಮೆಟ್ ಬಗ್ಗೆ ಬೇರೆ ಹೇಳಬೇಕಿಲ್ಲ ಅಲ್ವಾ? ಏಪ್ರಿಲ್, ಮೇನಲ್ಲಿ ಒಂಬತ್ತರೊಳಗೆ ಮನೆಗೆ ಬಂದುಬಿಡಿ.

ನಾಯಿಗಳು. ಓಡುವ ಕಾಲು ಕಂಡರೆ ಅಟ್ಟಿಸಿಕೊಂಡು ಬರುತ್ತವೆ. ಕಾಲು ನಿಂತರೆ ಹೆಚ್ಚಿನವು ತಾವೂ ನಿಲ್ಲುತ್ತವೆ. ಜೋರಾಗಿ ತುಳಿದು ತಪ್ಪಿಸಿಕೊಳ್ಳಲು ನೋಡಬೇಡಿ. ನಿಧಾನ ಮಾಡಿ ಇಳಿಯಿರಿ. ಸೈಕಲ್ ನಿಮಗೂ ನಾಯಿಗೂ ನಡುವೆ ಇರಲಿ. ಗದರಿಸುವ ದನಿಯಲ್ಲಿ "ಹೋಗು" ಅನ್ನಿ, ನಾಲ್ಕು ಹೆಜ್ಜೆ ನಡೆಯಿರಿ. ಅದರ ಜಾಗದ ಗಡಿ ದಾಟಿದ ಮೇಲೆ ಅದು ಹಿಂದಿರುಗುತ್ತದೆ. ಒದೆಯಲು ಹೋದವರೇ ಬೀಳುವುದು. ಅಕಸ್ಮಾತ್ ಕಚ್ಚಿದರೆ, ಗಾಯ ಚಿಕ್ಕದೇ ಇರಲಿ, ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ ಏನೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಇಂಜೆಕ್ಷನ್ ಹಾಕಿಸಿಕೊಳ್ಳಿ.

ನಿಮ್ಮ ಮನೆಯವರು ಬರುತ್ತೇನೆ ಅಂದಿದ್ದು ನನಗೆ ತುಂಬಾ ಸಂತೋಷವಾಯಿತು. ಅವರಿಗೆ ಹೊಸ ಸೈಕಲ್ ಬೇಕಿಲ್ಲ. ಸಾದಾ ಗೇರ್ ಸೈಕಲ್ಲೇ ನಾಲೆ ರಸ್ತೆಗೆ ಚೆನ್ನಾಗಿ ಹೊಂದುತ್ತದೆ. ಅದರ ಟೈರು ದಪ್ಪ, ಕೂರುವ ಭಂಗಿ ನೆಟ್ಟಗೆ. ಚೈನಿಗೆ ಎಣ್ಣೆ ಹಾಕಿಸಿ, ಬ್ರೇಕಿನ ರಬ್ಬರ್ ನೋಡಿಸಿ, ಸೀಟಿನ ಎತ್ತರವನ್ನು ಮೇಲೆ ಹೇಳಿದ ಹಾಗೆ ಸರಿ ಮಾಡಿ. ಚೂಡಿದಾರದ ಪ್ಯಾಂಟು ಚೈನಿಗೆ ಸಿಕ್ಕದಂತೆ ಒಂದು ಪಟ್ಟಿ ಕಟ್ಟಿಕೊಳ್ಳಲಿ, ದುಪಟ್ಟಾ ಬೇಡ. ಯಾವಾಗಲೂ ಅವರೇ ಮುಂದೆ ಹೋಗಲಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ರೋಡ್ ಬೈಕಿನವರು ಮುಂದೆ ಹೋದರೆ ತಮಗೆ ಗೊತ್ತಿಲ್ಲದೆಯೇ ವೇಗ ಏರಿಸುತ್ತಾರೆ. ಹಿಂದಿನವರು ಅಟ್ಟಿಸಿಕೊಂಡು ಬಂದು ಬಂದು ದಣಿಯುತ್ತಾರೆ. ಮೂರನೇ ವಾರಕ್ಕೆ ಬರುವುದನ್ನೇ ಬಿಡುತ್ತಾರೆ. ಅವರ ವೇಗ ಗಂಟೆಗೆ ಹದಿನಾಲ್ಕು ಕಿಲೋಮೀಟರ್ ಇದ್ದರೆ ಅವತ್ತಿನ ವೇಗ ಅದೇ. ನಿಮಗೆ ಜೋರಾಗಿ ತುಳಿಯುವ ಆಸೆಯಾದರೆ ವಾರದ ಮಧ್ಯೆ ಒಂದು ದಿನ ಒಬ್ಬರೇ ಹೋಗಿ ಬನ್ನಿ.

ಹಳ್ಳಿಯ ಹೆಂಗಸರು ನಿಮ್ಮ ಮನೆಯವರನ್ನು ಖಂಡಿತ ಮಾತಾಡಿಸುತ್ತಾರೆ. ಯಾವೂರು, ಎಷ್ಟು ಮಕ್ಕಳು, ಸೈಕಲ್ಲಿಗೆ ಎಷ್ಟು ಕೊಟ್ಟಿರಿ, ಎಲ್ಲ ಕೇಳುತ್ತಾರೆ. ಅವಸರ ಮಾಡದೆ ನಿಂತು ಮಾತಾಡಿ. ಮುಂದಿನ ಸಲ ಆ ಊರಿನಲ್ಲಿ ಕುಡಿಯುವ ನೀರಿಗೆ, ಶೌಚಾಲಯಕ್ಕೆ ಒಂದು ಮನೆ ಸಿಕ್ಕ ಹಾಗೆ. ಹೆಂಗಸರಿಗೆ ಈ ರಸ್ತೆಗಳಲ್ಲಿ ನಿಜವಾದ ತೊಂದರೆ ಅದೇ, ಅದನ್ನು ಯಾರೂ ಬರೆಯುವುದಿಲ್ಲ. ಹೊರಡುವ ಮುಂಚೆಯೇ ದಾರಿಯ ಹೋಟೆಲ್ಲು, ಪೆಟ್ರೋಲ್ ಬಂಕು ಎಲ್ಲೆಲ್ಲಿದೆ ಎಂದು ನೋಡಿಟ್ಟುಕೊಳ್ಳಿ.

ಊಟದ ವಿಷಯ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹೊರಡುವಾಗ ಒಂದು ಬಾಳೆಹಣ್ಣು. ಎರಡು ಬಾಟಲಿ ನೀರು, ಒಂದರಲ್ಲಿ ನಿಂಬೆ, ಉಪ್ಪು, ಸ್ವಲ್ಪ ಸಕ್ಕರೆ. ಶ್ರೀರಂಗಪಟ್ಟಣದಲ್ಲಿ ಇಡ್ಲಿ. ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಶುರು ಮಾಡುವ ಮುಂಚೆ ಡಾಕ್ಟರನ್ನು ಒಂದು ಮಾತು ಕೇಳಿ.

ಮೊದಲ ಎರಡು ವಾರ ವಾರಕ್ಕೆ ಮೂರು ದಿನ, ಇಪ್ಪತ್ತು ಕಿಲೋಮೀಟರ್ ಸಾಕು. ಆಮೇಲೆ ವಾರಕ್ಕೆ ಐದೇ ಕಿಲೋಮೀಟರ್ ಹೆಚ್ಚಿಸಿ. ಟೈರು ಹಾಕಿಸಿದ ಮೊದಲ ಭಾನುವಾರ ಕಾರಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿ, ಏಳು ಗಂಟೆಗೆ ಪಾಲಹಳ್ಳಿ ಕಡೆಗೆ ಹೊರಡಿ. ಬೆಳಗೊಳದಲ್ಲಿ ಟೀ ಕುಡಿದು ಅದೇ ದಾರಿಯಲ್ಲಿ ವಾಪಸ್ ಬನ್ನಿ. ಹೋಗುವಾಗ ಕಂಡ ಗದ್ದೆ ಬರುವಾಗ ಬೇರೆಯೇ ಕಾಣುತ್ತದೆ, ಬೆಳಕು ಅಷ್ಟರಲ್ಲಿ ತಿರುಗಿರುತ್ತದೆ. ಅಂಗೈ ಜೋಮು ಹೋಯಿತಾ, ಇಲ್ಲವಾ ಎಂದು ಬರೆದು ತಿಳಿಸಿ. ಹೋಗಿಲ್ಲದಿದ್ದರೆ ಸೈಕಲ್ಲನ್ನು ಪಕ್ಕದಿಂದ ಒಂದು ಫೋಟೋ ತೆಗೆದು ಕಳಿಸಿ, ಹ್ಯಾಂಡಲಿನ ಎತ್ತರ ನೋಡಿ ಹೇಳುತ್ತೇನೆ.